ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಟ್ರಾಕ್ಟರ್

ಕುಪ್ಪಳ್ಳಿಯ ಕವಿಮನೆ ನೋಡಲು ಬಂದ ಕಾಲೇಜು ಹುಡುಗರ ಬಸ್ಸೊಂದು ಹೋದ ಮಳೆಗಾಲದಲ್ಲಿ ನಮ್ಮ ಗದ್ದೆಯ ಬದಿಗೆ ನಿಂತಿತ್ತು. ನಾನು ಸಣ್ಣ ಟ್ರಾಕ್ಟರಿಗೆ ರೋಟವೇಟರ್ ಹಾಕಿಕೊಂಡು ನಾಟಿಗೆ ಗದ್ದೆ ಹದ ಮಾಡುತ್ತಿದ್ದೆ. ಫೋಟೋ ತೆಗೆಯಲೆಂದು ಮೊಬೈಲು ಹಿಡಿದು ಅಂಚಿನ ಮೇಲೆ ಬಂದ ಹುಡುಗನೊಬ್ಬ ಟ್ರಾಕ್ಟರ್ ನೋಡಿ ಮುಖ ಸಣ್ಣದು ಮಾಡಿಕೊಂಡ. 'ಸರ್, ಎತ್ತು ಇಲ್ವಾ?' ಎಂದು ಕೇಳಿದ. ಇಲ್ಲಪ್ಪ ಎಂದೆ. 'ನೇಗಿಲಯೋಗಿ ಬರೆದ ಕವಿಯ ಊರಲ್ಲೇ ನೇಗಿಲಿಲ್ಲ ನೋಡೇ' ಎಂದು ಜೊತೆಯವಳಿಗೆ ಹೇಳಿ ಬಸ್ಸು ಹತ್ತಿದ.

ಅದೇ ವಾರ ನಮ್ಮ ಕೇರಿಯ ಇನ್ನೊಬ್ಬ ಹುಡುಗ ಮನೆಗೆ ಬಂದಿದ್ದ. ಅವನ ಕೈಯಲ್ಲೂ ಮೊಬೈಲು. ಅದರಲ್ಲಿ ಎರಡು ಟ್ರಾಕ್ಟರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸುವ ವಿಡಿಯೋ. 'ಚಿಕ್ಕಯ್ಯ, ಇಪ್ಪತ್ತೊಂದು ಎಚ್‌ಪಿದು ತಗೊಳ್ಳಲೋ, ಇಪ್ಪತ್ನಾಲ್ಕರದ್ದೋ? ನೀವು ಇಟ್ಕೊಂಡವರು, ನೀವೇ ಹೇಳಿ' ಎಂದ.

ಒಬ್ಬನದು ಸಾಹಿತ್ಯದ ಪ್ರಶ್ನೆ, ಇನ್ನೊಬ್ಬನದು ಪೇಟೆಯ ಪ್ರಶ್ನೆ. ಎರಡೂ ತಪ್ಪು ಪ್ರಶ್ನೆಗಳು ಎಂದು ಹೇಳುವುದಕ್ಕಾಗಿಯೇ ಈ ಲೇಖನ. ಮಲೆನಾಡಿನ ಸಣ್ಣ ಹಿಡುವಳಿಗೆ ಸಣ್ಣ ಟ್ರಾಕ್ಟರ್ ಖಂಡಿತ ಬೇಕು. ಆದರೆ ಮನೆಗೊಂದು ಟ್ರಾಕ್ಟರ್ ಎಂಬುದು ನಮ್ಮನ್ನು ನಾವೇ ಮುಳುಗಿಸಿಕೊಳ್ಳುವ ದಾರಿ. ಯಾವ ಟ್ರಾಕ್ಟರ್ ಎಂದು ಕೇಳುವ ಮೊದಲು ಯಾರ ಟ್ರಾಕ್ಟರ್, ಎಷ್ಟು ಗಂಟೆಯ ಟ್ರಾಕ್ಟರ್ ಎಂದು ಕೇಳಬೇಕಿತ್ತು. ಆ ಪ್ರಶ್ನೆ ಕೇಳದೆ ನಾನೂ ಒಂದು ಕೊಂಡು ಕೂತಿದ್ದೇನೆ. ಹಾಗಾಗಿ ಇದರಲ್ಲಿ ಬೈಗುಳದ ಮೊದಲ ಪಾಲು ನನ್ನದೇ.

ಮೊದಲು ಎತ್ತಿನ ವಿಚಾರ ಮುಗಿಸಿಬಿಡೋಣ.

ಸಾಹಿತ್ಯ ಓದುವ ನಮಗೆ ನೇಗಿಲು ಕಂಡರೆ ಕಣ್ಣು ತುಂಬುತ್ತದೆ. ಆದರೆ ಕುವೆಂಪು ಅವರನ್ನು ಪೂರ್ತಿ ಓದಿದವರು ಆ ನೇಗಿಲನ್ನು ಹಿಡಿದಿದ್ದ ಕೈ ಯಾರದ್ದೆಂದು ಮರೆಯಬಾರದು. 1967ರಲ್ಲಿ ಬಂದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಗುತ್ತಿ ಜೀತದ ಆಳು. ತನ್ನ ತಿಮ್ಮಿಯನ್ನು ಕರೆದುಕೊಂಡು ಬರುವುದಕ್ಕೂ ಅವನಿಗೆ ಒಡೆಯರ ಭಯ. ಆ ಕಾಲದ ಮಲೆನಾಡಿನಲ್ಲಿ ಗದ್ದೆ ಒಬ್ಬರದು, ಎತ್ತು ಅವರದೇ, ಕೆಸರಿನಲ್ಲಿ ಇಳಿದು ಉಳುವ ಮೈ ಮಾತ್ರ ಇನ್ನೊಬ್ಬರದು. ಉಳುವವನು ಯೋಗಿ ಎಂದು ಕವಿ ಹಾಡಿದ್ದು ಅವನಿಗೆ ಗೌರವ ಸಿಗಲಿ ಎಂದು. ಅವನು ಎಂದೆಂದೂ ಕೆಸರಿನಲ್ಲೇ ಇರಲಿ, ನಾವು ಬಂದು ಫೋಟೋ ತೆಗೆದುಕೊಂಡು ಹೋಗೋಣ ಎಂದಲ್ಲ.

ಇನ್ನು ಎತ್ತು ಸಾಕಿದವರ ಕಷ್ಟ ಸಾಕಿದವರಿಗೇ ಗೊತ್ತು. ನಮ್ಮ ಅಯ್ಯನ ಕಾಲದಲ್ಲಿ ಎರಡು ಜೋಡಿ ಇದ್ದವು. ವರ್ಷಕ್ಕೆ ನಲವತ್ತು ದಿನ ಉಳುತ್ತಿದ್ದವು, ವರ್ಷಪೂರ್ತಿ ಮೇಯುತ್ತಿದ್ದವು. ಹುಲ್ಲು ತರುವುದು, ಸೊಪ್ಪು ಹಾಸುವುದು, ಸಗಣಿ ಬಾಚುವುದು ಎಲ್ಲವೂ ಅವ್ವನ ತಲೆಯ ಮೇಲೆ. ನೇಗಿಲಿನ ಬಗ್ಗೆ ಪದ್ಯಗಳಿವೆ, ಕೊಟ್ಟಿಗೆ ಬಾಚಿದವಳ ಬಗ್ಗೆ ಎಷ್ಟಿವೆ ಎಂದು ವಿದ್ಯಾರ್ಥಿ ಮಿತ್ರರು ಹುಡುಕಿ ಹೇಳಿದರೆ ಕೃತಜ್ಞ. ಎತ್ತು ಹೋದಾಗ ನಮ್ಮ ಮನೆಯಲ್ಲಿ ಬೇಜಾರು ಮಾಡಿಕೊಂಡವರು ಅಯ್ಯ. ಅವ್ವ ಒಂದು ಮಾತೂ ಆಡಲಿಲ್ಲ. ಆದರೆ ಆ ವರ್ಷದ ಮಳೆಗಾಲದಲ್ಲಿ ಅವರ ಬೆನ್ನುನೋವು ಕಡಿಮೆಯಾಗಿತ್ತು.

ಆದ್ದರಿಂದ ಯಂತ್ರ ಬರಬಾರದಿತ್ತು ಎಂದು ಹಲುಬುವವರ ಗುಂಪಿಗೆ ನಾನು ಸೇರುವುದಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಕೂತು ಬರೆದ ತೇಜಸ್ವಿಯವರಿಗೆ ಸ್ಕೂಟರು, ಕ್ಯಾಮರಾ, ಕಂಪ್ಯೂಟರು ಯಾವುದೂ ಮೈಲಿಗೆಯಾಗಿರಲಿಲ್ಲ. ಬಿಚ್ಚಿ ನೋಡಬೇಕಾದ ವಸ್ತು ಎಂದೇ ಅವರು ಯಂತ್ರವನ್ನು ಕಂಡರು. ನಾವೂ ಟ್ರಾಕ್ಟರನ್ನು ಹಾಗೆಯೇ ಬಿಚ್ಚಿ ನೋಡೋಣ. ಎಂಜಿನ್ನಿನ ಜೊತೆಗೆ ಲೆಕ್ಕವನ್ನೂ.

ಹೋಲಿಕೆಯಿಂದಲೇ ಶುರು ಮಾಡುತ್ತೇನೆ, ಕೇರಿಯ ಹುಡುಗ ಕೇಳಿದ್ದು ಅದನ್ನೇ ಅಲ್ಲವೆ?

ನಮ್ಮ ಕಡೆ ಕಾಣುವ ಸಣ್ಣ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ತುದಿಗೆ ಪವರ್ ಟಿಲ್ಲರ್. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ತಂತ್ರಜ್ಞಾನ ತಂದು ಮಾಡಿದ 13 ಎಚ್‌ಪಿ ಟಿಲ್ಲರನ್ನು ಮಲೆನಾಡಿನ ಮಕ್ಕಳೂ ಗುರುತು ಹಿಡಿಯುತ್ತಾರೆ. ಅದರ ಪಕ್ಕ 2021ರಲ್ಲಿ ಬಂದ ಸ್ವರಾಜ್ ಕೋಡ್: 11 ಎಚ್‌ಪಿ, ಪೆಟ್ರೋಲ್ ಎಂಜಿನ್. ಆಮೇಲೆ 15 ಎಚ್‌ಪಿಯ, ಒಂದೇ ಸಿಲಿಂಡರಿನ ಮಹೀಂದ್ರ ಯುವರಾಜ್ 215. ಆಮೇಲೆ 18.5 ಎಚ್‌ಪಿಯ, ಮೂರು ಸಿಲಿಂಡರಿನ ವಿಎಸ್‌ಟಿ ಎಂಟಿ 180. ಇನ್ನೊಂದು ತುದಿಯಲ್ಲಿ ನಾಲ್ಕೂ ಚಕ್ರ ಎಳೆಯುವ ಕುಬೋಟಾ ನಿಯೋಸ್ಟಾರ್, 21ರದ್ದೊಂದು, 24ರದ್ದೊಂದು. ಅದೇ 24ರಲ್ಲಿ ಎರಡು ಸಿಲಿಂಡರಿನ ಮಹೀಂದ್ರ ಜಿವೊ.

ವಿಡಿಯೋ ಮಾಡುವವರು ಈ ಎಚ್‌ಪಿಯನ್ನು ಹುಡುಗರ ತೋಳಿನ ಬಲದ ಹಾಗೆ ಹೋಲಿಸುತ್ತಾರೆ. ಮಲೆನಾಡಿನ ಮಣ್ಣಿಗೆ ಆ ಅಂಕಿಯಿಂದ ಗೊತ್ತಾಗುವುದು ಕಡಿಮೆ. ಮೊದಲನೆಯದಾಗಿ, ರೋಟವೇಟರ್ ತಿರುಗಿಸುವುದು ಹಿಂದಿನ ಪಿಟಿಒ ಶಾಫ್ಟಿಗೆ ಬರುವ ಶಕ್ತಿ. ಅದು ಬಾನೆಟ್ ಮೇಲೆ ಬರೆದ ಎಂಜಿನ್ ಶಕ್ತಿಗಿಂತ ಯಾವಾಗಲೂ ಕಡಿಮೆ. ಎರಡನೆಯದು ತೂಕ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ತೂಕ ಇದ್ದರೆ ಹಿಡಿತ. ನಮ್ಮ ಬೈಲು ಗದ್ದೆಯಲ್ಲಿ ಆರಿದ್ರೆ ಮಳೆ ಹಿಡಿದ ಮೇಲೆ ತೂಕ ಇದ್ದರೆ ಹೂತುಹೋಗುವುದೇ. ದೊಡ್ಡ ಟ್ರಾಕ್ಟರ್ ಅಚ್ಚಿನವರೆಗೆ ಕೂತು, ಅದನ್ನು ಎತ್ತಲು ಇನ್ನೊಂದನ್ನು ಕರೆಸಿ, ಅದೂ ಕೂತ ಕತೆ ಪ್ರತಿ ಊರಿನಲ್ಲಿ ಇದೆ. ಹಗುರ ಮೈ, ನಾಲ್ಕು ಚಕ್ರದ ಎಳೆತ, ಕಬ್ಬಿಣದ ಕೇಜ್ ವೀಲ್, ಈ ಮೂರು ಕೂಡಿದಾಗ ಮಾತ್ರ ಸಣ್ಣ ಟ್ರಾಕ್ಟರ್ ನಮ್ಮ ಗದ್ದೆಯ ಪ್ರಾಣಿ.

ಮೂರನೆಯದು ಅಗಲ. ಇದರಲ್ಲಿ ಒಂದು ಇಕ್ಕಟ್ಟಿದೆ, ಅದನ್ನು ಯಾರೂ ಹೇಳುವುದಿಲ್ಲ. ಅಡಿಕೆ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ, ಹಳೆಯ ತೋಟಗಳಲ್ಲಿ ಅದಕ್ಕೂ ಕಡಿಮೆ. ಅದರ ನಡುವೆ ಹೋಗಲು ಯಂತ್ರ ಕಿರಿದಾಗಿರಬೇಕು. ಆದರೆ ಗುಡ್ಡದ ಇಳಿಜಾರಿನಲ್ಲಿ, ಗದ್ದೆಯ ಅಂಚು ಹತ್ತುವಾಗ, ಅದೇ ಕಿರಿದು ಯಂತ್ರ ಮಗುಚಿಕೊಳ್ಳುವುದೂ ಬೇಗ. ತೋಟಕ್ಕೆ ಒಳ್ಳೆಯದಾದದ್ದು ಗುಡ್ಡಕ್ಕೆ ಅಪಾಯ. ಎರಡು ವರ್ಷದ ಹಿಂದೆ ಟ್ರೈಲರಿನಲ್ಲಿ ಗೊಬ್ಬರ ತುಂಬಿಕೊಂಡು ಓರೆಯಾಗಿ ಇಳಿಯುತ್ತಿದ್ದಾಗ ನನ್ನದು ಒಂದು ಬದಿಗೆ ಎದ್ದಿತು. ಹಾರಿಕೊಂಡೆ, ಬದುಕಿದೆ. ತಪ್ಪು ಯಂತ್ರದ್ದಲ್ಲ, ನನ್ನದು. ನನಗೆ ಯಾರೂ ಕಲಿಸಿರಲಿಲ್ಲ, ಕಲಿಯಬೇಕೆಂದು ನನಗೂ ಅನ್ನಿಸಿರಲಿಲ್ಲ. ಸ್ವಂತದ್ದಲ್ಲವೆ, ಸ್ವಂತದ್ದಕ್ಕೆ ಪಾಠ ಯಾಕೆ?

ಇನ್ನು ತೋಟದೊಳಗೆ ಟ್ರಾಕ್ಟರಿಗೆ ಎಷ್ಟು ಕೆಲಸ? ಎರಡೆರಡು ಸಾಲಿಗೊಂದು ಬಸಿಗಾಲುವೆ ಇದ್ದಲ್ಲಿ ಅದು ಒಳಗೆ ಇಳಿಯುವುದೇ ಇಲ್ಲ. ಇಳಿದರೂ ಉಳುವ ಹಾಗಿಲ್ಲ, ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರುತ್ತದೆ. ಗೊಬ್ಬರ, ದರಗು, ಅಡಿಕೆ ಗೊನೆ ಸಾಗಿಸುವುದು, ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ಪಂಪು ನಡೆಸುವುದು, ಇಷ್ಟೇ. ಉಪಯೋಗದ ಕೆಲಸಗಳೇ, ಇಲ್ಲವೆನ್ನುವುದಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಗದ್ದೆಗಳು ವರ್ಷವರ್ಷ ಅಡಿಕೆ ತೋಟವಾಗುತ್ತಿವೆ. ಅಂದರೆ ಟ್ರಾಕ್ಟರಿಗೆ ನಿಜವಾದ ಕೆಲಸ ಇರುವ ನೆಲ ಕಡಿಮೆಯಾಗುತ್ತಿದೆ, ಟ್ರಾಕ್ಟರುಗಳು ಹೆಚ್ಚಾಗುತ್ತಿವೆ. ಇದು ಯಾವ ಬುದ್ಧಿವಂತಿಕೆ?

ಈಗ ನನ್ನ ಲೆಕ್ಕದ ಪುಸ್ತಕ ತೆರೆಯುತ್ತೇನೆ. ಕಂಪನಿಯ ಹೆಸರು ಬೇಡ. ಯಾವ ಕಂಪನಿಯದಾದರೂ ಲೆಕ್ಕ ಹೆಚ್ಚುಕಡಿಮೆ ಇದೇ.

ನನಗೆ ಮೂರು ಎಕರೆ ತೋಟ, ಒಂದೂವರೆ ಎಕರೆ ಗದ್ದೆ. ನಾಲ್ಕು ವರ್ಷದ ಹಿಂದೆ 24 ಎಚ್‌ಪಿ ಟ್ರಾಕ್ಟರಿಗೆ 5,80,000, ರೋಟವೇಟರಿಗೆ 85,000, ಟ್ರೈಲರಿಗೆ 75,000 ಕೊಟ್ಟೆ. ಒಟ್ಟು 7,40,000 ರೂಪಾಯಿ. ಇದರಲ್ಲಿ ಹೆಚ್ಚಿನದು ಸಾಲ. ಈಗ ಮಾರಿದರೆ ಎಲ್ಲ ಸೇರಿ 4,20,000ಕ್ಕೆ ಕೇಳುತ್ತಾರೆ. ಅಂದರೆ ವರ್ಷಕ್ಕೆ 80,000 ರೂಪಾಯಿ ಕೊಟ್ಟಿಗೆಯಲ್ಲಿ ನಿಂತುಕೊಂಡೇ ಕರಗಿದೆ. ಬಡ್ಡಿ ವರ್ಷಕ್ಕೆ ಸರಾಸರಿ 30,000. ವಿಮೆ, ಸರ್ವಿಸ್, ಆಯಿಲ್, ಬ್ಯಾಟರಿ ಅಂತ 14,000. ಕೂಡಿದರೆ 1,24,000.

ಟ್ರಾಕ್ಟರಿನಲ್ಲಿ ಅವರ್ ಮೀಟರ್ ಇರುತ್ತದೆ, ಎಂಜಿನ್ ಎಷ್ಟು ಗಂಟೆ ನಡೆಯಿತೆಂದು ತೋರಿಸುವುದಕ್ಕೆ. ನಾಲ್ಕು ವರ್ಷಕ್ಕೆ ನನ್ನ ಮೀಟರ್ ತೋರಿಸಿದ್ದು 412 ಗಂಟೆ. ವರ್ಷಕ್ಕೆ 103. ಈಗ ಭಾಗಿಸಿ ನೋಡಿ. ಡೀಸೆಲ್ ಹಾಕುವ ಮೊದಲೇ ಗಂಟೆಗೆ 1,200 ರೂಪಾಯಿ. ಡೀಸೆಲಿಗೆ ಇನ್ನು 250. ಸುಮಾರು 1,450 ಆಯಿತು, ಅದೂ ಓಡಿಸಿದ ನನ್ನ ಕೂಲಿ ಬಿಟ್ಟು. ನಮ್ಮೂರಲ್ಲಿ ಇಂಥದೇ ಟ್ರಾಕ್ಟರನ್ನು ಡ್ರೈವರ್ ಸಮೇತ ಬಾಡಿಗೆಗೆ ಕರೆದರೆ ಗಂಟೆಗೆ 1,000. ಅಂದರೆ ಸ್ವಂತ ಟ್ರಾಕ್ಟರ್ ಇದೆ ಎನ್ನುವ ಸಂತೋಷಕ್ಕೆ ನಾನು ವರ್ಷಕ್ಕೆ ನಲವತ್ತಾರು ಸಾವಿರ ಚಿಲ್ಲರೆ ತೆರುತ್ತಿದ್ದೇನೆ.

ಅದೇ ಯಂತ್ರ ವರ್ಷಕ್ಕೆ 400 ಗಂಟೆ ದುಡಿದರೆ? ಹೆಚ್ಚು ಸವೆಯುತ್ತದೆ, ಆದ್ದರಿಂದ ಕರಗುವುದನ್ನು ಒಂದು ಲಕ್ಷ ಎಂದಿಟ್ಟುಕೊಳ್ಳಿ. ಸರ್ವಿಸ್ ಖರ್ಚನ್ನು 40,000 ಮಾಡಿ. ಬಡ್ಡಿ ಅಷ್ಟೇ. ಗಂಟೆಗೆ 425. ಡೀಸೆಲ್ 250 ಸೇರಿಸಿ, ಡ್ರೈವರಿಗೆ ಗಂಟೆಗೆ 150 ಕೊಡಿ. 825 ರೂಪಾಯಿಗೆ ಮುಗಿಯಿತು. ಒಂದೇ ಯಂತ್ರ, ಗಂಟೆಗೆ ಆರುನೂರಕ್ಕೂ ಹೆಚ್ಚು ವ್ಯತ್ಯಾಸ. ಇಪ್ಪತ್ತೊಂದೋ ಇಪ್ಪತ್ನಾಲ್ಕೋ, ಎರಡು ಸಿಲಿಂಡರೋ ಮೂರೋ ಎಂದು ರಾತ್ರಿಯೆಲ್ಲ ವಿಡಿಯೋ ನೋಡಿ ಉಳಿಸುವುದು ಗಂಟೆಗೆ ಐವತ್ತು ರೂಪಾಯಿ. ಎಷ್ಟು ಮನೆ ಸೇರಿ ಬಳಸುತ್ತೇವೆ ಎಂಬುದರಲ್ಲಿ ಉಳಿಯುವುದು ಅದರ ಹತ್ತು ಪಟ್ಟಿಗಿಂತ ಹೆಚ್ಚು. ಈ ಹೋಲಿಕೆಯ ವಿಡಿಯೋ ಯಾರೂ ಮಾಡುವುದಿಲ್ಲ. ಮಾಡಿದರೆ ನಾಲ್ಕು ಟ್ರಾಕ್ಟರ್ ಮಾರುವಲ್ಲಿ ಒಂದೇ ಮಾರಾಟವಾಗುತ್ತದೆ.

2025ರ ಸೆಪ್ಟೆಂಬರಿನಲ್ಲಿ ಟ್ರಾಕ್ಟರಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಾಗ 'ಈಗ ತಗೊಳ್ಳದವನು ದಡ್ಡ' ಎಂಬ ಮಾತು ಎಲ್ಲ ಕಡೆ ಕೇಳಿಬಂತು. ಇಳಿದದ್ದು ಒಳ್ಳೆಯದೇ. ಆದರೆ ನನ್ನದರಂಥ ಯಂತ್ರದಲ್ಲಿ ಅದರಿಂದ ಉಳಿಯುವುದು ಮೂವತ್ತೈದು-ನಲವತ್ತು ಸಾವಿರ. ನನ್ನ ಒಂದು ವರ್ಷದ ನಷ್ಟಕ್ಕೆ ಅದು ಸಾಲದು.

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ಲೆಕ್ಕ. ಇನ್ನು ಹೇಳುವುದು ದುಡ್ಡಿಗಿಂತ ದೊಡ್ಡ ಲೆಕ್ಕ.

ನನ್ನ ಮನೆಯ ಎದುರು, ರಸ್ತೆಯಾಚೆ, ಇನ್ನೂರು ಮೀಟರ್ ದೂರದಲ್ಲಿ ಇನ್ನೊಂದು ಮನೆಯಿದೆ. ಅಲ್ಲಿ ಇರುವುದೂ ಇಪ್ಪತ್ನಾಲ್ಕು ಎಚ್‌ಪಿಯ ಟ್ರಾಕ್ಟರೇ, ನಾನು ಕೊಂಡ ಮರುವರ್ಷ ಬಂದದ್ದು. ಅವರ ಮಗ ಡಿಪ್ಲೊಮಾ ಮಾಡಿ ಊರಲ್ಲೇ ಉಳಿಯುತ್ತೇನೆ ಎಂದಾಗ, ಉಳಿಯುವುದಾದರೆ ಒಂದು ಟ್ರಾಕ್ಟರ್ ಇರಲಿ ಎಂದು ತಂದೆ ಸಾಲ ಮಾಡಿ ಕೊಡಿಸಿದರು. ಮೊದಲ ವರ್ಷ ಹುಡುಗ ಖುಷಿಯಲ್ಲಿದ್ದ. ಎರಡನೇ ವರ್ಷ ಕೊಳೆ ಜೋರಾಯಿತು, ಅದರ ಜೊತೆ ಎಲೆಚುಕ್ಕೆ ರೋಗ. ಕಂತು ಕಟ್ಟಲಾಗಲಿಲ್ಲ. ಈಗ ಅವನು ಬೆಂಗಳೂರಿನಲ್ಲಿ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿ ಊರಿನ ಟ್ರಾಕ್ಟರಿನ ಕಂತು ಕಟ್ಟುತ್ತಿದ್ದಾನೆ. ಟ್ರಾಕ್ಟರ್ ಟಾರ್ಪಾಲು ಹೊದ್ದು ಕೊಟ್ಟಿಗೆಯಲ್ಲಿದೆ. ಮಗ ಊರಲ್ಲಿ ಉಳಿಯಲಿ ಎಂದು ತಂದ ಯಂತ್ರವೇ ಮಗನನ್ನು ಊರು ಬಿಡಿಸಿತು. ಎತ್ತಾದರೂ ನಿಂತಲ್ಲಿ ಗೊಬ್ಬರ ಕೊಡುತ್ತಿತ್ತು. ಇದು ನಿಂತಲ್ಲಿ ಬಡ್ಡಿ ತಿನ್ನುತ್ತದೆ.

ಇದು ನಮ್ಮ ಕೇರಿಗೆ ಮಾತ್ರ ಬಂದ ಕಷ್ಟವಲ್ಲ. ಈ ಸಣ್ಣ ಯಂತ್ರಗಳ ತವರಾದ ಜಪಾನಿನಲ್ಲಿ ಇದಕ್ಕೊಂದು ಹೆಸರೇ ಇದೆ: 'ಕಿಕಾಯ್‌ಕಾ ಬಿಂಬೋ', ಯಂತ್ರದಿಂದ ಬಂದ ಬಡತನ. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಭೂಸುಧಾರಣೆಯಾಗಿ ಗೇಣಿದಾರರು ಸಣ್ಣ ಸಣ್ಣ ಗದ್ದೆಗಳ ಒಡೆಯರಾದರು. ಆಮೇಲಿನ ದಶಕಗಳಲ್ಲಿ ಪ್ರತಿ ಮನೆಯೂ ತನ್ನದೇ ಟಿಲ್ಲರ್, ತನ್ನದೇ ನಾಟಿ ಯಂತ್ರ, ತನ್ನದೇ ಕೊಯ್ಲಿನ ಯಂತ್ರ ಕೊಂಡಿತು. ಅವುಗಳ ಸಾಲ ತೀರಿಸಲು ರೈತ ಕಾರ್ಖಾನೆಗೆ ಕೆಲಸಕ್ಕೆ ಹೋದ, ಭಾನುವಾರ ಮಾತ್ರ ಬೇಸಾಯ ಮಾಡಿದ. ಯಂತ್ರಗಳನ್ನು ನಾವು ಅಲ್ಲಿಂದ ತಂದುಕೊಂಡೆವು. ಅದರ ಜೊತೆಗೇ ಬಂದ ಎಚ್ಚರಿಕೆಯನ್ನು ಓದಲಿಲ್ಲ.

ಭೂಸುಧಾರಣೆ ಎಂದ ಮೇಲೆ ನಮ್ಮ ಜಿಲ್ಲೆಯ ಮಾತು ಬರಲೇಬೇಕು. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಯಾವುದಕ್ಕೆ? ಗೇಣಿ ಭತ್ತ ಅಳೆಯುವ ಕೊಳಗಕ್ಕೆ. ಒಡೆಯರ ಕೊಳಗ ದೊಡ್ಡದು, ಅಳತೆ ಸರಿಯಿಲ್ಲ ಎಂಬುದರಿಂದ ಜಗಳ ಶುರುವಾಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆರಗದವರಾದ ಶಾಂತವೇರಿ ಗೋಪಾಲಗೌಡರ ರಾಜಕೀಯಕ್ಕೆ ಆ ಹೋರಾಟವೇ ಬೆನ್ನೆಲುಬು. ಉಳುವವನೇ ಹೊಲದೊಡೆಯ ಎಂಬುದು ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಕಾಯಿದೆಯಿಂದ ನಿಜವಾಯಿತು. ನಮ್ಮಂಥ ಎಷ್ಟೋ ಮನೆಗಳಿಗೆ ಪಹಣಿಯಲ್ಲಿ ಹೆಸರು ಬಂದದ್ದು ಆಗ.

ಆದರೆ ಹೊಲದೊಡೆಯನಾದವನು ಉಳುವ ಸಾಧನದ ಒಡೆಯ ಯಾರಾಗಬೇಕು ಎಂದು ಯೋಚಿಸಲಿಲ್ಲ. ಎತ್ತು ಇದ್ದಾಗ ಆ ಪ್ರಶ್ನೆ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಇಂದು ದೇಶದಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್, 2015-16ರ ಕೃಷಿ ಗಣತಿಯ ಪ್ರಕಾರ. ಅಷ್ಟು ನೆಲಕ್ಕೆ ಆರು-ಏಳು ಲಕ್ಷದ ಯಂತ್ರ! ನನ್ನ ಟ್ರಾಕ್ಟರಿನ ಆರ್‌ಸಿಯಲ್ಲಿ ನನ್ನ ಹೆಸರಿನ ಜೊತೆಗೆ ಸಾಲ ಕೊಟ್ಟವರ ಹೆಸರೂ ಇದೆ. ಹೊಲ ನನ್ನದು, ಉಳುವ ಯಂತ್ರ ಅವರದ್ದು. ಅಳತೆ ಕೇಳಿ ಜೈಲಿಗೆ ಹೋದವರ ನಾಡಿನಲ್ಲಿ ನಾವು ಕಣ್ಣೆದುರಿಗಿನ ಅವರ್ ಮೀಟರನ್ನೂ ಓದದೆ ಸಹಿ ಹಾಕುತ್ತಿದ್ದೇವೆ.

ಸರ್ಕಾರದ ಸಹಾಯಧನವೂ ನಮ್ಮನ್ನು ಆ ಕಡೆಗೇ ನೂಕುತ್ತದೆ. 2014-15ರಲ್ಲಿ ಶುರುವಾದ ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟರು ಯಂತ್ರ ಕೊಂಡರೆ ಶೇ. 50ರವರೆಗೆ, ಉಳಿದವರಿಗೆ ಶೇ. 40ರವರೆಗೆ ನೆರವು. ಅದೇ ಯೋಜನೆಯಲ್ಲಿ ರೈತರ ಗುಂಪು ಸೇರಿ ಯಂತ್ರ ಬ್ಯಾಂಕ್ ಮಾಡಿದರೆ ಶೇ. 80ರವರೆಗೆ ನೆರವಿಗೆ ಅವಕಾಶವಿದೆ. ಮೊದಲಿನದನ್ನು ಊರಿಗೆಲ್ಲ ಸಾರುವವರಿದ್ದಾರೆ, ಯಾಕೆಂದರೆ ಅದರ ಹಿಂದೆ ಮಾರಾಟವಿದೆ. ಎರಡನೆಯದನ್ನು ಹೇಳುವವರು ಯಾರು? ರಾಜ್ಯದಲ್ಲಿ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದವು, ಬಾಡಿಗೆಗೆ ಯಂತ್ರ ಕೊಡಲು. ಒಳ್ಳೆಯ ಯೋಚನೆ. ಆದರೆ ಹೋಬಳಿ ದೂರ, ಕೇರಿ ಹತ್ತಿರ. ಮಳೆ ನೋಡಿ ನಾಳೆ ಬೆಳಿಗ್ಗೆ ಗದ್ದೆಗೆ ಇಳಿಯಬೇಕಾದವನಿಗೆ ಬೇಕಾದದ್ದು ಕೂಗಿದರೆ ಕೇಳುವಷ್ಟು ಹತ್ತಿರದ ಯಂತ್ರ.

ಹಾಗಾದರೆ ಏನು ಮಾಡಬೇಕು? ಹೊಸದೇನೂ ಬೇಡ. ಮಲೆನಾಡಿಗೆ ಮುಯ್ಯಾಳು ಗೊತ್ತಿದೆ.

ಪೇಟೆಯಲ್ಲಿ ಹುಟ್ಟಿದ ಓದುಗರಿಗೆ ಒಂದು ಮಾತು. ನಾಟಿಯ ಕಾಲದಲ್ಲಿ ಇಂದು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು, ಇದು ಮುಯ್ಯಿ. ಕೂಲಿ ಇಲ್ಲ, ಊಟ ಇದೆ. ಒಂದು ದಿನಕ್ಕೆ ಒಂದು ದಿನ. ಲೆಕ್ಕ ತಪ್ಪಿದವನನ್ನು ಕೇರಿಯೇ ನೆನಪು ಮಾಡಿಕೊಡುತ್ತಿತ್ತು. ಇದನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಮುಯ್ಯಿ ನಡೆಯುತ್ತಿದ್ದದ್ದು ಹೆಚ್ಚಾಗಿ ತಮ್ಮ ತಮ್ಮ ಜಾತಿಯ ಒಳಗೆ. ಭೂಮಿಯೇ ಇಲ್ಲದವರು ಮುಯ್ಯಿಗೆ ಬರುತ್ತಿರಲಿಲ್ಲ, ಕೂಲಿಗೋ ಜೀತಕ್ಕೋ ಬರುತ್ತಿದ್ದರು. ಆ ಗೆರೆಗಳನ್ನು ಅಳಿಸಿ ಉಳಿದ ತಿರುಳನ್ನು ಮಾತ್ರ ತೆಗೆದುಕೊಳ್ಳೋಣ: ಆಳಿಗೆ ಮುಯ್ಯಿ ಇದ್ದ ಹಾಗೆ ಯಂತ್ರಕ್ಕೂ ಮುಯ್ಯಿ.

ಇದು ಕನಸಲ್ಲ. ಜರ್ಮನಿಯ ಬವೇರಿಯಾದಲ್ಲಿ 1958ರಲ್ಲಿ ಎರಿಕ್ ಗೈಯರ್ಸ್‌ಬರ್ಗರ್ ಎಂಬವರ ಯೋಚನೆಯಿಂದ ಯಂತ್ರಗಳ ಬಳಗವೊಂದು ಶುರುವಾಯಿತು. ಯಂತ್ರ ಅವರವರದ್ದೇ. ಆದರೆ ಒಬ್ಬರ ಯಂತ್ರ ಇನ್ನೊಬ್ಬರ ಹೊಲದಲ್ಲಿ ಮಾಡಿದ ಕೆಲಸವನ್ನು ಒಂದು ಕಚೇರಿ ಬರೆದಿಟ್ಟು, ಮೊದಲೇ ಒಪ್ಪಿದ ದರದಲ್ಲಿ ಲೆಕ್ಕ ಚುಕ್ತಾ ಮಾಡುತ್ತದೆ. ಇಂದು ಜರ್ಮನಿಯ ತುಂಬ ಅಂಥ ಬಳಗಗಳಿವೆ. ಸಹಕಾರವನ್ನು ನಾವು ಅವರಿಂದ ಕಲಿಯಬೇಕಾಗಿಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಅಡಿಕೆ ಮಾರಲು ಸಂಘ ಕಟ್ಟಿಕೊಂಡ ಮಲೆನಾಡು, ಅಡಿಕೆ ಸಾಗಿಸುವ ಟ್ರೈಲರಿಗೆ ಸಂಘ ಕಟ್ಟಿಕೊಳ್ಳಲಾರದೆ?

'ಎಲ್ಲರಿಗೂ ಒಂದೇ ದಿನ ಬೇಕಾಗುತ್ತದಲ್ಲ ಮಾರಾಯ್ರೇ?' ಇದು ನಾನು ಕೇಳಿದ ಮೊದಲ ಆಕ್ಷೇಪ. ಲೆಕ್ಕ ಹಾಕಿದೆ. ನನ್ನ ವರ್ಷದ 103 ಗಂಟೆಯಲ್ಲಿ ಗದ್ದೆ ಕೆಲಸಕ್ಕೆ ಹೋದದ್ದು ಬರೀ 12. ಉಳಿದದ್ದು ಸಾಗಣೆ, ಔಷಧಿ, ಸೌದೆ. ಅದನ್ನು ಒಂದು ದಿನ ಹಿಂದೆ ಮುಂದೆ ಮಾಡಬಹುದು. ನನ್ನಂಥ ನಾಲ್ಕು ಮನೆಯ ಗದ್ದೆ ಕೆಲಸ ಕೂಡಿದರೂ ಐವತ್ತು ಗಂಟೆ ಒಳಗೆ, ಅಂದರೆ ಒಂದು ವಾರ. ನಮ್ಮ ಸಸಿಮಡಿ ಎಲ್ಲರದ್ದೂ ಒಂದೇ ವಾರದಲ್ಲಿ ಬಲಿಯುವುದಿಲ್ಲ. ಮಳೆ ಜೋರಾದ ಮೇಲೆ ಬೈಲು ಗದ್ದೆಯಲ್ಲಿ ಯಂತ್ರ ಹೂತುಹೋಗುತ್ತದೆ, ಹಾಗಾಗಿ ಬೈಲು ಮೊದಲು. ಮಕ್ಕಿ ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ಮಳೆ ಹಿಡಿಯಬೇಕು, ಹಾಗಾಗಿ ಮಕ್ಕಿ ಆಮೇಲೆ. ಸರದಿಯನ್ನು ನೆಲವೇ ಬರೆದುಕೊಡುತ್ತದೆ.

ಎರಡನೇ ಆಕ್ಷೇಪ ಇನ್ನೂ ಗಟ್ಟಿ: 'ಎಲ್ಲರದ್ದಾದ್ದು ಯಾರದ್ದೂ ಅಲ್ಲ. ಕೆಟ್ಟರೆ ಯಾರು ರಿಪೇರಿ ಮಾಡಿಸುವುದು?' ಒಪ್ಪುತ್ತೇನೆ. ಎಲ್ಲರೂ ಓಡಿಸುವ ಯಂತ್ರ ಎರಡು ವರ್ಷ ಬಾಳುವುದಿಲ್ಲ. ಅದಕ್ಕೇ ಡ್ರೈವರ್ ಒಬ್ಬರೇ ಇರಬೇಕು, ಕಲಿತವರಿರಬೇಕು, ಗಂಟೆಗೆ ಕೂಲಿ ಸಿಗಬೇಕು. ಗಂಟೆಯ ದರದಲ್ಲೇ ರಿಪೇರಿಯ ಪಾಲು ಸೇರಿರಬೇಕು. ಎತ್ತು ಹೋದಾಗ ಕೆಲಸ ಕಳೆದುಕೊಂಡವರು ಭೂಮಿಯಿಲ್ಲದ ಮನೆಗಳವರು. ಆ ಮನೆಯ ಹುಡುಗನೋ ಹುಡುಗಿಯೋ ಕೇರಿಯ ಟ್ರಾಕ್ಟರಿನ ಚಾಲಕರಾದರೆ ವರ್ಷಕ್ಕೆ 400 ಗಂಟೆಯ ಗೌರವದ ಕೆಲಸ ಊರಲ್ಲೇ ಆಯಿತು. ನನ್ನ ಹಾಗೆ ಇಳಿಜಾರಿನಲ್ಲಿ ಹಾರಿಕೊಳ್ಳುವ ಪಾಡು ನಾಲ್ಕು ಮನೆಗೂ ತಪ್ಪಿತು.

ಮೂರನೆಯದು ಯಾರೂ ಬಾಯಿಬಿಟ್ಟು ಹೇಳದ ಆಕ್ಷೇಪ. ಅಂಗಳದಲ್ಲಿ ಟ್ರಾಕ್ಟರ್ ನಿಂತರೆ ಮನೆಗೊಂದು ಬೆಲೆ. ಹೆಣ್ಣು ಕೊಡಲು ಬಂದವರ ಕಣ್ಣಿಗೆ ಬೀಳುತ್ತದೆ. ಎದುರು ಮನೆಯವನ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ ಎಂಬುದು ರಾತ್ರಿ ನಿದ್ದೆ ಕೆಡಿಸುತ್ತದೆ. ನಾನು ಕೊಂಡದ್ದರಲ್ಲಿ ಈ ಪಾಲು ಎಷ್ಟಿತ್ತು ಎಂದು ಎದೆ ಮುಟ್ಟಿ ಹೇಳಬೇಕಾದರೆ, ಅರ್ಧಕ್ಕಿಂತ ಹೆಚ್ಚು. ಲೆಕ್ಕದ ಪುಸ್ತಕದಿಂದ ಈ ಆಕ್ಷೇಪಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಸಾಹಿತ್ಯ ಓದುವವರು ಬೇಕು. ಬೆಲೆ ಯಾವುದಕ್ಕೆ, ಮರ್ಯಾದೆ ಯಾವುದರಲ್ಲಿ ಎಂದು ಕೇಳುವುದು ನಿಮ್ಮ ಕೆಲಸ. ಆ ಕೆಲಸ ಬಿಟ್ಟು ನೀವು ಎತ್ತಿನ ಫೋಟೋ ಹುಡುಕುತ್ತಿದ್ದೀರಿ.

ಕೇರಿಯ ಹುಡುಗನಿಗೆ ನಾನು ಎಚ್‌ಪಿ ಹೇಳಲಿಲ್ಲ. ಟಾರ್ಪಾಲು ತೆಗೆದು ನನ್ನ ಅವರ್ ಮೀಟರ್ ತೋರಿಸಿದೆ. 'ನಾಲ್ಕು ವರ್ಷಕ್ಕೆ ಇಷ್ಟೇನಾ ಚಿಕ್ಕಯ್ಯ?' ಎಂದ. ಇಷ್ಟೇ ಎಂದೆ. ಎದುರು ಮನೆಯದರಲ್ಲಿ ಇದಕ್ಕೂ ಕಡಿಮೆ ಇದೆ, ಹೋಗಿ ನೋಡು ಎಂದೆ. ಅವನು ಇನ್ನೂ ಕೊಂಡಿಲ್ಲ. ಎರಡು ಭಾನುವಾರ ನಾಲ್ಕು ಮನೆಯವರು ನಮ್ಮ ಜಗಲಿಯಲ್ಲಿ ಕೂತಿದ್ದೇವೆ. ನನ್ನ ಯಂತ್ರ ಗುಂಪಿಗೆ ಎಷ್ಟಕ್ಕೆ ಬರಬೇಕು, ಎದುರು ಮನೆಯದ್ದನ್ನು ಮಾರಿ ಸಾಲ ತೀರಿಸಿದರೆ ಹುಡುಗ ವಾಪಸ್ಸು ಬರುತ್ತಾನೆಯೇ, ಡ್ರೈವರಿಗೆ ಗಂಟೆಗೆ ನೂರೈವತ್ತೋ ಇನ್ನೂರೋ ಎಂದು ಜಗಳವಾಗಿದೆ. ಒಪ್ಪಂದ ಆಗಿಲ್ಲ. ಆಗದೆಯೂ ಹೋಗಬಹುದು. ಆದರೆ ಜಗಳ ಈಗ ಅಳತೆಯ ಮೇಲೆ ನಡೆಯುತ್ತಿದೆ, ಅದು ನನಗೆ ಸಮಾಧಾನ.

ಮುಂದಿನ ಸಲ ಕುಪ್ಪಳ್ಳಿಗೆ ಬಂದಾಗ ಕವಿಶೈಲ ನೋಡಿ, ತೇಜಸ್ವಿಯವರ ಸ್ಮಾರಕ ನೋಡಿ, ದಾರಿಯಲ್ಲಿ ಗದ್ದೆಯ ಬದಿ ಬಸ್ಸು ನಿಲ್ಲಿಸಿ. ಎತ್ತು ಎಲ್ಲಿ ಎಂದು ಮಾತ್ರ ಕೇಳಬೇಡಿ. ಈ ಟ್ರಾಕ್ಟರ್ ಎಷ್ಟು ಮನೆಯದು ಎಂದು ಕೇಳಿ. ಒಂದೇ ಮನೆಯದು ಎಂದರೆ, ಅದರ ಕಂತು ಕಟ್ಟುವವರು ಎಲ್ಲಿದ್ದಾರೆ ಎಂದೂ ಕೇಳಿ.